ಮುಂಬೈಯಲ್ಲಿ ಕಟ್ಟಿದ ‘ಸುಹೈಲಿ’: ಭೂಮಿ ಸುತ್ತಿದ 32 ಅಡಿಯ ದೋಣಿ

ಪ್ರಶ್ನೆ: ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿಬಂದ ಮೊದಲ ಹಾಯಿದೋಣಿಯನ್ನು ಮುಂಬೈಯಲ್ಲಿ ಕಟ್ಟಿದ್ದು ಅಂತ ಒಂದು ಕ್ವಿಜ್‌ನಲ್ಲಿ ಕೇಳಿದೆ. ನಿಜವಾ? ಇಂಗ್ಲೆಂಡಿನವರು ತಮ್ಮ ದೋಣಿಯನ್ನು ಇಲ್ಲಿ ಯಾಕೆ ಕಟ್ಟಿಸಿದರು? ಅಷ್ಟು ಚಿಕ್ಕ ದೋಣಿ ಉಳಿದವರನ್ನೆಲ್ಲ ಹಿಂದೆ ಹಾಕಿದ್ದು ಹೇಗೆ? ಆಮೇಲೆ ಅದು ಏನಾಯಿತು? ಅದನ್ನು ಭಾರತದ ದೋಣಿ ಅಂತ ಕರೆಯಬಹುದಾ? ಮುಂಬೈಯಲ್ಲಿ ಕಟ್ಟಿದ ಬೇರೆ ಹಳೆಯ ಹಡಗು ಯಾವುದಾದರೂ ಉಳಿದಿದೆಯಾ?

ಉತ್ತರ: ನಿಜ. ದೋಣಿಯ ಹೆಸರು ‘ಸುಹೈಲಿ’. ಕಟ್ಟಿದ್ದು ಮುಂಬೈಯ ಕೊಲಾಬಾದಲ್ಲಿ, ನೀರಿಗಿಳಿದದ್ದು 1964ರ ಡಿಸೆಂಬರ್‌ನಲ್ಲಿ. ನಡೆಸಿದವರು ಇಂಗ್ಲೆಂಡಿನ ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್. ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತುವ ಪಂದ್ಯವೊಂದಕ್ಕೆ 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಹೊರಟರು. 1969ರ ಏಪ್ರಿಲ್ 22ರಂದು ಅದೇ ಬಂದರಿಗೆ ವಾಪಸ್ ಬಂದರು. ನಡುವೆ 312 ದಿನ. ಕಸ್ಟಮ್ಸ್‌ನವರು ದೋಣಿ ಹತ್ತಿ, ಪದ್ಧತಿಯಂತೆ ‘ಯಾವ ಬಂದರಿನಿಂದ ಬಂದಿರಿ’ ಅಂತ ಕೇಳಿದಾಗ ಅವರು ಹೇಳಿದ್ದು ‘ಫಾಲ್ಮತ್‌ನಿಂದ’ ಅಂತ.

ನಿಮ್ಮ ಮೂರನೇ ಪ್ರಶ್ನೆಯಲ್ಲಿ ಮಾತ್ರ ಒಂದು ತಿದ್ದುಪಡಿ ಬೇಕು. ಸುಹೈಲಿ ಯಾರನ್ನೂ ವೇಗದಲ್ಲಿ ಹಿಂದೆ ಹಾಕಲಿಲ್ಲ. 30,123 ಮೈಲಿ ದೂರವನ್ನು 312 ದಿನಕ್ಕೆ ಹಂಚಿದರೆ ದಿನಕ್ಕೆ 96 ಮೈಲಿ ಚಿಲ್ಲರೆ ಬರುತ್ತದೆ. ಇವು ಸಮುದ್ರದ ಮೈಲಿ. ಅಂದ್ರೆ ಗಂಟೆಗೆ ಸುಮಾರು ಏಳೂವರೆ ಕಿಲೋಮೀಟರ್. ಬೆಳಗ್ಗೆ ಪಾರ್ಕಿನಲ್ಲಿ ಬಿರುಸಾಗಿ ನಡೆಯುವವರ ವೇಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇಷ್ಟು ನಿಧಾನದ ದೋಣಿ ಗೆದ್ದದ್ದು ಹೇಗೆ ಅಂದ್ರೆ, ಅದು ಕೆಟ್ಟಾಗಲೆಲ್ಲ ಅದರಲ್ಲಿದ್ದ ಸಾಮಾನಿನಿಂದಲೇ, ಒಬ್ಬನೇ ಮನುಷ್ಯ ಅದನ್ನು ರಿಪೇರಿ ಮಾಡಬಹುದಿತ್ತು. ನನ್ನ ಮಟ್ಟಿಗೆ ಸುಹೈಲಿಯ ಇಡೀ ಕಥೆ ಇಷ್ಟೇ. ಇದು ಅರ್ಥವಾಗಬೇಕಾದರೆ ದೋಣಿ ಹುಟ್ಟಿದ ಜಾಗದಿಂದ ಶುರು ಮಾಡಬೇಕು.

ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಅಂತ ಒಂದು ಹಡಗು ಕಂಪನಿ ಇತ್ತು. ಜನ ಅದನ್ನು ಚಿಕ್ಕದಾಗಿ ಬಿ.ಐ. ಅನ್ನುತ್ತಿದ್ದರು. ನಮ್ಮ ಕರಾವಳಿಯ ಹಿರಿಯರಿಗೆ ಈ ಹೆಸರು ನೆನಪಿರಬಹುದು. ವಿಮಾನ ಎಲ್ಲರ ಕೈಗೆ ಎಟುಕುವ ಮೊದಲು ಮುಂಬೈಯಿಂದ ಗಲ್ಫಿಗೆ, ಪೂರ್ವ ಆಫ್ರಿಕಾಕ್ಕೆ ಕೆಲಸ ಹುಡುಕಿ ಹೋದವರು ಹತ್ತುತ್ತಿದ್ದದ್ದು ಇಂಥ ಹಡಗುಗಳನ್ನೇ. ಗಲ್ಫ್ ದಾರಿಯಲ್ಲಿ ಓಡುತ್ತಿದ್ದ ಬಿ.ಐ. ಹಡಗು ‘ದ್ವಾರಕಾ’ 1982ರವರೆಗೂ ಇತ್ತು. 1939ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ನಾಕ್ಸ್-ಜಾನ್‌ಸ್ಟನ್ 1957ರಲ್ಲಿ ಈ ಕಂಪನಿಗೆ ತರಬೇತಿ ಹುಡುಗನಾಗಿ ಸೇರಿದರು. ಅರವತ್ತರ ದಶಕದ ಮೊದಲಲ್ಲಿ ಅಧಿಕಾರಿಯಾಗಿ ಮುಂಬೈ–ಗಲ್ಫ್ ದಾರಿಯಲ್ಲಿ ಓಡಾಡುತ್ತಿದ್ದರು. ಅವರಿಗೂ ಜೊತೆಗಿದ್ದ ಕೆಲವು ಅಧಿಕಾರಿಗಳಿಗೂ ಒಂದು ಯೋಚನೆ ಬಂತು. ಹಣ ಹಾಕಿ ಒಂದು ದೋಣಿ ಕಟ್ಟಿಸೋಣ, ಇಲ್ಲಿನ ಕೆಲಸ ಮುಗಿದ ಮೇಲೆ ಅದರಲ್ಲೇ ಊರಿಗೆ ಹೋಗೋಣ, ಅಂತ.

ಇಲ್ಲಿ ಯಾಕೆ ಕಟ್ಟಿಸಿದರು ಅನ್ನುವುದಕ್ಕೆ ಉತ್ತರ ಇದೇ: ಅವರು ಇದ್ದದ್ದೇ ಇಲ್ಲಿ. ಒಳ್ಳೆ ತೇಗ ಸಿಗುತ್ತಿತ್ತು. ಮರದ ದೋಣಿ ಕಟ್ಟುವ ಬಡಗಿಗಳಿದ್ದರು. ಇಂಗ್ಲೆಂಡಿನಲ್ಲಿ ಪೂರ್ತಿ ತೇಗದ ದೋಣಿ ಕಟ್ಟಿಸುವುದು ಸಂಬಳದ ಮೇಲೆ ಬದುಕುವ ಹುಡುಗರ ಕೈಗೆ ನಿಲುಕುವ ಮಾತಲ್ಲ.

ನಕ್ಷೆಯ ಕಥೆ ಸ್ವಲ್ಪ ತಮಾಷೆಯದು. ಪತ್ರಿಕೆಯೊಂದರ ಜಾಹೀರಾತು ನೋಡಿ, ಇಂಗ್ಲೆಂಡಿನ ಪೂಲ್ ಊರಿನ ಒಂದು ಸಂಸ್ಥೆಗೆ ಬರೆದು ನಕ್ಷೆ ತರಿಸಿಕೊಂಡರು. ಅವರ ಮನಸ್ಸಿನಲ್ಲಿದ್ದದ್ದು ಹೊಸ ಕಾಲದ, ಚುರುಕಾದ ದೋಣಿ. ಬಂದದ್ದು 1920ರ ದಶಕದ ನಕ್ಷೆ. ಅದರ ಹೆಸರು ‘ಎರಿಕ್’, ಬರೆದವರು ಅಮೆರಿಕದ ವಿಲಿಯಂ ಆಟ್ಕಿನ್. ವಾಪಸ್ ಕಳಿಸಿ ಬೇರೆಯದು ತರಿಸುವಷ್ಟು ಪುರುಸೊತ್ತು ಇರಲಿಲ್ಲ. ಸರಿ, ಇದನ್ನೇ ಕಟ್ಟೋಣ ಅಂದರು. ಪಟಗಳ (ಅಂದ್ರೆ ಹಾಯಿಗಳ) ನಕ್ಷೆಗೆ ಬೇರೆ ದುಡ್ಡು ಕೊಡಬೇಕಿತ್ತಂತೆ, ಹಾಗಾಗಿ ಆ ಭಾಗವನ್ನು ನಾಕ್ಸ್-ಜಾನ್‌ಸ್ಟನ್ ತಾವೇ ಬರೆದುಕೊಂಡರು.

ಈ ‘ಎರಿಕ್’ ಆಟ್ಕಿನ್ ಅವರ ತಲೆಯಿಂದ ಸುಮ್ನೆ ಹುಟ್ಟಿದ್ದೇನೂ ಅಲ್ಲ. ನಾರ್ವೆಯಲ್ಲಿ ಕಾಲಿನ್ ಆರ್ಚರ್ ಅಂತ ಒಬ್ಬ ದೊಡ್ಡ ಹಡಗು ಶಿಲ್ಪಿ ಇದ್ದರು. ಉತ್ತರ ಧ್ರುವದ ಕಡೆ ಹೋದ ನಾನ್ಸೆನ್ ಅವರ ‘ಫ್ರಾಮ್’ ಹಡಗನ್ನು ಕಟ್ಟಿದವರು ಅವರೇ. 1890ರ ದಶಕದಲ್ಲಿ ಅವರು ನಾರ್ವೆಯ ಮೀನುಗಾರರನ್ನು ಕಾಪಾಡುವುದಕ್ಕೆ ರಕ್ಷಣಾ ದೋಣಿಗಳನ್ನು ರೂಪಿಸಿದರು. ಚಳಿಗಾಲದ ಬಿರುಗಾಳಿಯಲ್ಲಿ ಬೇರೆ ದೋಣಿಗಳು ಬಂದರಿಗೆ ಓಡಿಬರುವಾಗ ಇವು ಹೊರಗೆ ಹೋಗಬೇಕಿತ್ತು. ಆದ್ದರಿಂದ ಅವು ಭಾರ, ಅಗಲ, ಎರಡೂ ತುದಿ ಚೂಪು. ಆಟ್ಕಿನ್ ಮಾಡಿದ್ದು ಆ ದೋಣಿಯನ್ನು 32 ಅಡಿಗೆ ಇಳಿಸಿದ್ದು.

ಹಿಂದಿನ ತುದಿಯೂ ಚೂಪಾಗಿದ್ದರೆ ಏನು ಲಾಭ? ದಕ್ಷಿಣದ ಸಾಗರಗಳಲ್ಲಿ ಅಲೆ ಬರುವುದು ಹೆಚ್ಚಾಗಿ ಹಿಂದಿನಿಂದ. ಹಿಂಭಾಗ ಚಪ್ಪಟೆಯಾಗಿದ್ದರೆ ಆ ಅಲೆ ದೋಣಿಯನ್ನು ಎತ್ತಿ ಮುಂದಕ್ಕೆ ತಳ್ಳುತ್ತದೆ, ದೋಣಿ ಅಡ್ಡ ತಿರುಗುತ್ತದೆ, ಮುಂದಿನ ಅಲೆಗೆ ಮಗುಚುತ್ತದೆ. ಚೂಪಾಗಿದ್ದರೆ ಅಲೆ ಎರಡು ಹೋಳಾಗಿ ಪಕ್ಕಕ್ಕೆ ಸರಿಯುತ್ತದೆ. ಎಲ್ಲ ಸಲವೂ ಅಲ್ಲ, ಆದರೆ ಬಹಳ ಸಲ. ಇನ್ನೊಂದು ವಿಷಯ ಕೀಲ್. ಅಂದ್ರೆ ದೋಣಿಯ ಅಡಿಯಲ್ಲಿ ಉದ್ದಕ್ಕೂ ಇಳಿದಿರುವ ಭಾಗ. ಎರಿಕ್ ಮಾದರಿಯಲ್ಲಿ ಅದು ಬಹುತೇಕ ದೋಣಿಯಷ್ಟೇ ಉದ್ದ. ಇದರಿಂದ ದೋಣಿ ತಿರುಗುವುದು ನಿಧಾನ. ಬಂದರಿನಲ್ಲಿ ಇದು ತಲೆನೋವು. ನಡುಸಮುದ್ರದಲ್ಲಿ ಇದೇ ವರ. ಒಮ್ಮೆ ದಿಕ್ಕು ಹಿಡಿಸಿದರೆ ಬಿಡುವುದಿಲ್ಲ.

ಇದೇ ಜಾತಿಯ ದೋಣಿ ಇದೇ ನೀರಿನಲ್ಲಿ ಮೊದಲೇ ಪರೀಕ್ಷೆ ಪಾಸಾಗಿತ್ತು. 1942–43ರಲ್ಲಿ, ಮಹಾಯುದ್ಧ ನಡೆಯುತ್ತಿರುವಾಗ, ಅರ್ಜೆಂಟೀನಾದ ವಿಟೊ ಡ್ಯೂಮಾಸ್ ‘ಲೆಗ್ 2’ ಅನ್ನುವ ಪುಟ್ಟ ದೋಣಿಯಲ್ಲಿ ದಕ್ಷಿಣದ ಸಾಗರಗಳನ್ನು ಒಬ್ಬರೇ ಸುತ್ತಿದ್ದರು. ನಡುವೆ ಮೂರು ಕಡೆ ನಿಂತಿದ್ದರು. ಅವರದೂ ಎರಡು ತುದಿ ಚೂಪಾದ ದೋಣಿಯೇ. ಆದರೆ 1963ರ ಹೊತ್ತಿಗೆ ಇಂಗ್ಲೆಂಡಿನ ದೋಣಿ ಪ್ರಿಯರ ಕಣ್ಣಿಗೆ ಇದು ಅಜ್ಜನ ಕಾಲದ ರೂಪ.

ಕೊಲಾಬಾದ ವರ್ಕ್‌ಶಾಪಿಗೆ ಬರೋಣ. 1963ರಲ್ಲಿ ಕೆಲಸ ಶುರುವಾಯಿತು. ಅಡಿಗೆ ದೊಡ್ಡ ತೇಗದ ದಿಮ್ಮಿ. ಬಡಗಿಗಳ ಕೈಯಲ್ಲಿ ಬಾಚಿ, ಉಳಿ, ಗರಗಸ. ತೂತು ಕೊರೆಯುವುದಕ್ಕೆ ಬಿಲ್ಲಿಗೆ ಹಗ್ಗ ಸುತ್ತಿ ಎಳೆದು ತಿರುಗಿಸುವ ಬೈರಿಗೆ. ಬಾಚಿ ಹಿಡಿದು ಇಡೀ ದಿಮ್ಮಿಯನ್ನು ಗೆರೆಗೆ ಸರಿಯಾಗಿ ಕೆತ್ತುವುದು ಸಣ್ಣ ವಿದ್ಯೆಯಲ್ಲ. ಇವತ್ತು ಕರೆಂಟಿನ ಯಂತ್ರ ಹಿಡಿದು ಮಾಡುವವರಿಗೂ ಆ ನುಣುಪು ಬರುವುದು ಕಷ್ಟ. ಇಂಗ್ಲಿಷ್ ಬರಹಗಳಲ್ಲಿ ಈ ಭಾಗವನ್ನು ‘ಹಳೆಯ ಕಾಲದ ಉಪಕರಣಗಳು’ ಅಂತ ಒಂದು ಸಾಲಿನಲ್ಲಿ ಮುಗಿಸುವುದೇ ರೂಢಿ. ನನಗೆ ಇದು ಸರಿ ಕಾಣುವುದಿಲ್ಲ. ಮುಂದೆ 312 ದಿನ ಆ ದೋಣಿ ತಡೆದುಕೊಂಡದ್ದು ಈ ಕೈಗಳ ಕೆಲಸದ ಮೇಲೆ.

ತೇಗದ ಬಗ್ಗೆ ಎರಡು ಮಾತು. ತೇಗದಲ್ಲಿ ಎಣ್ಣೆ ಅಂಶ ಇದೆ. ನೀರು ಬೇಗ ಹೀರುವುದಿಲ್ಲ, ಕೊಳೆಯುವುದಿಲ್ಲ, ಬಿಸಿಲಿಗೆ ಸೊಟ್ಟಗಾಗುವುದು ಕಡಿಮೆ. ಯುರೋಪಿನ ಓಕ್ ಮರದಲ್ಲಿ ಒಂದು ಬಗೆಯ ಹುಳಿ ಇರುತ್ತದೆ, ಅದು ಕಬ್ಬಿಣವನ್ನು ತಿನ್ನುತ್ತದೆ. ತೇಗ ಹಾಗಲ್ಲ, ಕಬ್ಬಿಣದ ಮೊಳೆಯನ್ನು ಬಹುಕಾಲ ಚೆನ್ನಾಗಿಟ್ಟುಕೊಳ್ಳುತ್ತದೆ. ಅದಕ್ಕೇ ನಮ್ಮ ಪಶ್ಚಿಮ ಕರಾವಳಿಯ ಹಡಗುಗಳಿಗೆ ತೇಗವೇ ಬೇಕು ಅಂತ ಬ್ರಿಟಿಷರು ಬಯಸಿದ್ದು. ಸುಹೈಲಿಗೂ ಹಲಗೆ ಬಿಗಿಯಲು ಹಾಕಿದ್ದು ಕಬ್ಬಿಣವನ್ನೇ. ಈ ಕಬ್ಬಿಣ ಐವತ್ತು ವರ್ಷದ ಮೇಲೆ ಮತ್ತೆ ಕಥೆಗೆ ಬರುತ್ತದೆ.

ದೋಣಿ ನೀರಿಗಿಳಿಯುವಾಗ ಷಾಂಪೇನ್ ಬಾಟಲಿ ಒಡೆಯಲಿಲ್ಲ. ನಮ್ಮ ಪದ್ಧತಿಯಂತೆ ಮೂತಿಗೆ ತೆಂಗಿನಕಾಯಿ ಒಡೆದರು. ಹೆಸರು ಅರಬ್ ನಾವಿಕರದು: ಗಲ್ಫಿನಲ್ಲಿ ಆಗ್ನೇಯದಿಂದ ಬೀಸುವ ಗಾಳಿಗೆ ಅವರು ಸುಹೈಲಿ ಅನ್ನುತ್ತಾರೆ. ಉದ್ದ 32 ಅಡಿ 5 ಅಂಗುಲ, ಅಗಲ 11 ಅಡಿ 1 ಅಂಗುಲ. ಹಿಂದೆ ಮುಂದೆ ಚಾಚಿದ ಕಂಬಗಳನ್ನೂ ಸೇರಿಸಿದರೆ ಉದ್ದ 44 ಅಡಿ. ತೂಕ ಹತ್ತು ಟನ್ನಿನ ಆಸುಪಾಸು. ಪಟಕ್ಕೆ ಎರಡು ಮಾಸ್ಟ್, ಅಂದ್ರೆ ಪಟ ಕಟ್ಟುವ ಕಂಬ; ಮುಂದಿನದು ದೊಡ್ಡದು, ಹಿಂದಿನದು ಚಿಕ್ಕದು. ಇಂಥದ್ದನ್ನು ಕೆಚ್ ಅನ್ನುತ್ತಾರೆ. ಒಂದು ದೊಡ್ಡ ಪಟದ ಬದಲು ಮೂರು ನಾಲ್ಕು ಚಿಕ್ಕವು. ಒಬ್ಬನೇ ಎಳೆದು ಇಳಿಸಬಹುದು.

ಊರಿಗೆ ಹೋಗುವ ಯೋಜನೆ ತಡವಾಯಿತು. ಜೊತೆಗೆ ಶುರು ಮಾಡಿದವರು ಒಬ್ಬೊಬ್ಬರಾಗಿ ಹಿಂದೆ ಸರಿದರು, ದೋಣಿ ನಾಕ್ಸ್-ಜಾನ್‌ಸ್ಟನ್ ಅವರ ಪಾಲಿಗೇ ಬಂತು. 1965ರ ಡಿಸೆಂಬರ್‌ನಲ್ಲಿ, ತಮ್ಮ ಕ್ರಿಸ್ ಮತ್ತು ಹೈಂಟ್ಸ್ ಫಿಂಗರ್‌ಹಟ್ ಅನ್ನುವ ಗೆಳೆಯನ ಜೊತೆ ಅವರು ಮುಂಬೈ ಬಿಟ್ಟರು. ಮಸ್ಕತ್, ಆಮೇಲೆ ಆಫ್ರಿಕಾದ ಪೂರ್ವ ಕರಾವಳಿ. ದಕ್ಷಿಣ ಆಫ್ರಿಕಾ ತಲುಪುವ ಹೊತ್ತಿಗೆ ಜೇಬು ಖಾಲಿ. ಡರ್ಬಾನ್‌ನಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಿ ದುಡ್ಡು ಕೂಡಿಸಿದರು. ಆಮೇಲೆ ಕೇಪ್‌ಟೌನಿನಿಂದ ಹೊರಟು ಎಲ್ಲೂ ನಿಲ್ಲದೆ 74 ದಿನದಲ್ಲಿ ಲಂಡನ್ ಮುಟ್ಟಿದರು. ಇದೇ ನಾಕ್ಸ್-ಜಾನ್‌ಸ್ಟನ್ 1994ರಲ್ಲಿ ನ್ಯೂಜಿಲೆಂಡಿನ ನಾವಿಕ ಪೀಟರ್ ಬ್ಲೇಕ್ ಜೊತೆ ‘ಎನ್ಜಾ’ ಅನ್ನುವ, ಎರಡು ಒಡಲಿನ ದೈತ್ಯ ಕ್ಯಾಟಮರಾನ್‌ನಲ್ಲಿ ಇಡೀ ಭೂಮಿಯನ್ನು ಸುತ್ತಿದರು. ಆಗ ತಗಲಿದ್ದೂ 74 ದಿನ ಚಿಲ್ಲರೆಯೇ! ಸುಹೈಲಿಯ ವೇಗ ಎಷ್ಟು ಅಂತ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಆದರೆ ಈ ಪ್ರಯಾಣದಿಂದ ಅವರಿಗೆ ತಮ್ಮ ದೋಣಿಯ ಸ್ವಭಾವ ಪೂರ್ತಿ ಗೊತ್ತಾಯಿತು. ಪಟಗಳನ್ನು ಹದವಾಗಿ ಕಟ್ಟಿ ಚುಕ್ಕಾಣಿಯನ್ನು ಬಿಗಿದುಬಿಟ್ಟರೆ ಸುಹೈಲಿ ತನ್ನ ಪಾಡಿಗೆ ತಾನು ಸಾಗುತ್ತದೆ. ಈ ಗುಣ ಎಲ್ಲ ದೋಣಿಗೂ ಇರುವುದಿಲ್ಲ.

1967ರಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ‘ಜಿಪ್ಸಿ ಮಾತ್ 4’ ದೋಣಿಯಲ್ಲಿ ಸಿಡ್ನಿಯಲ್ಲಿ ಒಂದೇ ಸಲ ನಿಂತು ಒಬ್ಬರೇ ಭೂಮಿ ಸುತ್ತಿ ಬಂದಿದ್ದರು. ಉಳಿದಿದ್ದು ಒಂದೇ: ಎಲ್ಲೂ ನಿಲ್ಲದೆ ಸುತ್ತುವುದು. ನಾಕ್ಸ್-ಜಾನ್‌ಸ್ಟನ್ ಅದಕ್ಕೆ ಸುಹೈಲಿಯನ್ನು ಆರಿಸಲಿಲ್ಲ, ಇದನ್ನು ಗಮನಿಸಿ. ಕಾಲಿನ್ ಮ್ಯುಡಿ ಅವರ ಕೈಯಲ್ಲಿ 53 ಅಡಿಯ ಉಕ್ಕಿನ ದೋಣಿಯ ನಕ್ಷೆ ಬರೆಸಿದರು. ಸುಹೈಲಿಯನ್ನು ಮಾರಲು ಹೊರಟರು. ದುಡ್ಡಿಗಾಗಿ ಕಂಪನಿ ಕಂಪನಿಗೆ ಪತ್ರ ಬರೆದರು. ಯಾರೂ ಕೊಡಲಿಲ್ಲ. ಕೊನೆಗೆ ಇರುವ ದೋಣಿಯಲ್ಲೇ ಹೋಗುತ್ತೇನೆ ಅಂದರು. ಉಕ್ಕಿನ ದೋಣಿಗೆ ಅವತ್ತು ಯಾರಾದರೂ ಹಣ ಕೊಟ್ಟಿದ್ದರೆ ನೀವು ಸುಹೈಲಿಯ ಹೆಸರನ್ನೇ ಕೇಳುತ್ತಿರಲಿಲ್ಲ.

1968ರ ಮಾರ್ಚ್‌ನಲ್ಲಿ ಸಂಡೇ ಟೈಮ್ಸ್ ಪತ್ರಿಕೆ ‘ಗೋಲ್ಡನ್ ಗ್ಲೋಬ್’ ಪಂದ್ಯ ಸಾರಿತು. ಮೊದಲು ಬಂದವರಿಗೆ ಚಿನ್ನದ ಗೋಳ, ಕಡಿಮೆ ಸಮಯದಲ್ಲಿ ಮುಗಿಸಿದವರಿಗೆ 5,000 ಪೌಂಡ್. ಜೂನ್ 1ರಿಂದ ಅಕ್ಟೋಬರ್ 31ರೊಳಗೆ ಯಾವಾಗ ಬೇಕಾದರೂ ಹೊರಡಬಹುದು. ಒಂಬತ್ತು ಜನ ಹೊರಟರು. ನಿಧಾನದ ದೋಣಿ ಇದ್ದವರಿಗೆ ಬೇಗ ಹೊರಡುವುದೊಂದೇ ದಾರಿ. ಹೋಗುವ ಮೊದಲು ಮನೋವೈದ್ಯರೊಬ್ಬರು ನಾಕ್ಸ್-ಜಾನ್‌ಸ್ಟನ್ ಅವರನ್ನು ಪರೀಕ್ಷಿಸಿ, ಈತ ಬೇಸರ ಬರುವಷ್ಟು ಸರಿಯಾಗಿದ್ದಾನೆ ಅಂತ ಬರೆದರು. ವಾಪಸ್ ಬಂದ ಮೇಲೂ ಅದೇ ಮಾತು.

ಹೊರಟು ಕೆಲವೇ ವಾರದಲ್ಲಿ ದೋಣಿ ಸೋರತೊಡಗಿತು. ಕೇಪ್ ವರ್ಡ್ ದ್ವೀಪಗಳ ಹತ್ತಿರ ಅವರು ನೀರಿಗೆ ಧುಮುಕಿ ನೋಡಿದರು. ಕೀಲ್‌ಗೂ ಮೊದಲ ಹಲಗೆಗೂ ನಡುವಿನ ಸಂದಿ ಎರಡೂ ಕಡೆ ಬಿಟ್ಟುಕೊಂಡಿತ್ತು. ಮರದ ದೋಣಿಯಲ್ಲಿ ಇದು ಅತಿ ಕೆಟ್ಟ ಜಾಗ. ಇಡೀ ಒಡಲಿನ ಒದ್ದಾಟ ಬಂದು ಬೀಳುವುದು ಅಲ್ಲಿಗೇ. ಬಂದರಿನಲ್ಲಾದರೆ ದೋಣಿಯನ್ನು ಮೇಲೆತ್ತಿ, ಸಂದಿಗೆ ಹತ್ತಿಯ ಹುರಿ ಬಡಿದು ತುಂಬುತ್ತಾರೆ. ಇವರು ಅದನ್ನೇ ನೀರೊಳಗೆ, ಉಸಿರು ಕಟ್ಟಿ, ಅಲುಗಾಡುವ ದೋಣಿಯ ಕೆಳಗೆ ಮಾಡಬೇಕಾಯಿತು. ಹತ್ತಿ ನಿಲ್ಲಲಿಲ್ಲ. ಆಗ ಹತ್ತಿಯನ್ನು ಕ್ಯಾನ್ವಾಸ್ ಪಟ್ಟಿಗೆ ಹೊಲಿದು, ಟಾರು ಬಳಿದು, ಪಟ್ಟಿಯನ್ನೇ ಸಣ್ಣ ಮೊಳೆಗಳಿಂದ ಸಂದಿಯ ಮೇಲೆ ಹೊಡೆದರು. ಅದರ ಮೇಲೆ ತಾಮ್ರದ ಪಟ್ಟಿ. ಆ ತಾಮ್ರ ಎಲ್ಲಿಂದ ಬಂತು ಅಂತೀರಾ? ರೇಡಿಯೋ ಕೂರಿಸಲು ಬಂದವರು ಬಿಟ್ಟುಹೋಗಿದ್ದ ತುಂಡು. ಬಿಳಿ ಮೈ ಕಂಡು ಶಾರ್ಕ್ ಬಾರದಿರಲಿ ಅಂತ ಗಾಢ ಬಣ್ಣದ ಅಂಗಿ, ಜೀನ್ಸ್ ಹಾಕಿಕೊಂಡು ಇಳಿಯುತ್ತಿದ್ದರು. ಆದರೂ ಒಂದು ಬಂತು. ಮೇಲೆ ಹತ್ತಿ, ಬಂದೂಕು ತೆಗೆದು ಹೊಡೆದು, ಮತ್ತೆ ಇಳಿದು ಕೆಲಸ ಮುಂದುವರಿಸಿದರು.

ಒಡಲು ಮರದ್ದಾಗಿದ್ದರಿಂದ ಇದು ಆಯಿತು. ಮರಕ್ಕೆ ನೀರೊಳಗೂ ಮೊಳೆ ಹೊಡೆಯಬಹುದು. ಅದೇ ಬಿರುಕು ಉಕ್ಕಿನ ಒಡಲಿನಲ್ಲಿ ಬಂದಿದ್ದರೆ? ಅಂಥ ಬಿರುಕು ಉಕ್ಕಿನಲ್ಲಿ ಬರುವುದಿಲ್ಲ ಅನ್ನಬಹುದು ನೀವು, ಅದೂ ಸರಿಯೇ.

ಸೆಪ್ಟೆಂಬರ್‌ನಲ್ಲಿ, ಆಫ್ರಿಕಾದ ತುದಿಯ ದಕ್ಷಿಣಕ್ಕೆ, ಒಂದು ರಾತ್ರಿ ಅಲೆ ದೋಣಿಯನ್ನು ಪಕ್ಕಕ್ಕೆ ಮಲಗಿಸಿತು. ಎದ್ದಾಗ ಕ್ಯಾಬಿನ್ನಿನ ಚೌಕಟ್ಟೇ ಜರುಗಿತ್ತು. ಇನ್ನೊಂದು ಅಂಥ ಹೊಡೆತಕ್ಕೆ ಅದು ಕಿತ್ತುಹೋದರೆ ದೋಣಿಯ ಮೇಲೆ ದೊಡ್ಡ ತೂತು. ಒಳಗಿನಿಂದ ಬೋಲ್ಟು ಹಾಕಿ ಬಿಗಿದರು. ಟ್ಯಾಂಕಿನ ಕುಡಿಯುವ ನೀರು ಕೆಟ್ಟುಹೋಯಿತು. ಪಟಕ್ಕೆ ಬಿದ್ದ ಮಳೆನೀರನ್ನು ಹಿಡಿದು ಕುಡಿದರು. ರೇಡಿಯೋ ಸತ್ತಿತು. ಬ್ಯಾಟರಿ ಆಸಿಡ್ ಕಣ್ಣಿಗೆ ಹಾರಿತು. ಹರಿದ ಪಟ ಹೊಲಿಯುತ್ತಾ ಹಲ್ಲಿನಲ್ಲಿ ಗಂಟು ಬಿಗಿಯುವಾಗ ಮೀಸೆಯೂ ಗಂಟಿಗೆ ಸೇರಿಬಿಟ್ಟಿತು. ಕತ್ತರಿ ಕೈಗೆ ಸಿಗದೆ ಮೀಸೆಯನ್ನೇ ಕಿತ್ತುಕೊಳ್ಳಬೇಕಾಯಿತು. ಚಾರ್ಜ್ ಮಾಡುವ ಯಂತ್ರದ ಸ್ಪಾರ್ಕ್ ಅಂತರ ಅಳೆಯಲು ಗೇಜ್ ಇರಲಿಲ್ಲ. ಪುಸ್ತಕದ ಎಷ್ಟು ಪುಟ ಸೇರಿದರೆ ಒಂದು ಅಂಗುಲ ಅಂತ ಎಣಿಸಿ, ಪುಟಗಳನ್ನೇ ಗೇಜ್ ಮಾಡಿಕೊಂಡರು. ನನಗೆ ಬಹಳ ಇಷ್ಟದ ವಿವರ ಇದು.

ಗಾಳಿಯ ದಿಕ್ಕು ಹಿಡಿದು ತಾನೇ ಚುಕ್ಕಾಣಿ ತಿರುಗಿಸುವ ಒಂದು ಸಾಧನ ದೋಣಿಯಲ್ಲಿತ್ತು. ಆಸ್ಟ್ರೇಲಿಯಾ ದಾಟುವ ಹೊತ್ತಿಗೆ ಅದು ಪೂರ್ತಿ ಮುರಿದುಬಿತ್ತು. ಇನ್ನೂ ಅರ್ಧ ಭೂಮಿ ಬಾಕಿ. ಒಬ್ಬನೇ ಮನುಷ್ಯ ದಿನದ 24 ಗಂಟೆ ಚುಕ್ಕಾಣಿ ಹಿಡಿಯಲು ಆಗುವುದಿಲ್ಲ. ಬೇರೆ ದೋಣಿಯಾಗಿದ್ದರೆ ಪ್ರಯಾಣ ಅಲ್ಲಿಗೇ ಮುಗಿಯುತ್ತಿತ್ತು. ಆಗ ಕೈಹಿಡಿದದ್ದು ಆ ಹಳೆಯ ಗುಣ: ಪಟಗಳನ್ನು ಹೊಂದಿಸಿ, ಚುಕ್ಕಾಣಿ ಕಟ್ಟಿ, ಮಲಗಿದರು. ಉದ್ದದ ಕೀಲ್ ದಿಕ್ಕು ಕಾಯಿತು. ನ್ಯೂಜಿಲೆಂಡಿನ ಒಟಾಗೊ ಹತ್ತಿರ ಮರಳಿಗೆ ಸಿಕ್ಕಿಕೊಂಡಿತು, ತಾವೇ ಬಿಡಿಸಿಕೊಂಡರು. ನಿಯಮದಂತೆ ಯಾರಿಂದಲೂ ಏನೂ ತೆಗೆದುಕೊಳ್ಳುವಂತಿರಲಿಲ್ಲ, ಮನೆಯ ಪತ್ರವನ್ನೂ. 1969ರ ಜನವರಿ 17ರಂದು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟಿದರು. ನ್ಯೂಜಿಲೆಂಡ್ ಬಿಟ್ಟ ಮೇಲೆ ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ. ಏಪ್ರಿಲ್ 6ರಂದು ಅಟ್ಲಾಂಟಿಕ್‌ನಲ್ಲಿ ‘ಮೊಬಿಲ್ ಆಕ್ಮೆ’ ಅನ್ನುವ ತೈಲ ಹಡಗಿನ ಕಣ್ಣಿಗೆ ಬಿದ್ದಾಗಲೇ ಇವರು ಬದುಕಿದ್ದಾರೆ ಅಂತ ಲೋಕಕ್ಕೆ ಗೊತ್ತಾದದ್ದು.

ಉಳಿದ ಎಂಟು ಜನ ಏನಾದರು? ಜಾನ್ ರಿಡ್ಜ್‌ವೇ ಮತ್ತು ಚೇ ಬ್ಲೈತ್ ಅವರ ದೋಣಿಗಳು ದಡದ ಹತ್ತಿರದ ವಿಹಾರಕ್ಕೆ ಸರಿ, ದಕ್ಷಿಣದ ಸಾಗರಕ್ಕೆ ಅಲ್ಲ. ಇಬ್ಬರೂ ಬೇಗ ಬಿಟ್ಟರು. ಅಲೆಕ್ಸ್ ಕರೋಝೊ ಅವರಿಗೆ ಹೊಟ್ಟೆ ಹುಣ್ಣು. ಬಿಲ್ ಕಿಂಗ್ ಅವರ ದೋಣಿ ಮಗುಚಿ ಮಾಸ್ಟ್ ಮುರಿಯಿತು. ಲೊಯಿಕ್ ಫುಜೆರೋನ್ ಸಹ ಬಿರುಗಾಳಿಗೆ ಸಿಕ್ಕು ನಿಲ್ಲಿಸಿದರು. ನೈಜೆಲ್ ಟೆಟ್ಲಿ ಅವರ ಮೂರು ಒಡಲಿನ ಪ್ಲೈವುಡ್ ದೋಣಿ ಅಟ್ಲಾಂಟಿಕ್‌ನಲ್ಲಿ, ಇನ್ನೇನು ಮುಗಿಯಿತು ಅನ್ನುವಾಗ, 1969ರ ಮೇ 21ರಂದು ಒಡೆದು ಮುಳುಗಿತು. ಅವರು ಅಷ್ಟು ಜೋರಾಗಿ ಓಡಿಸಿದ್ದು ಹಿಂದಿನಿಂದ ಡೊನಾಲ್ಡ್ ಕ್ರೌಹರ್ಸ್ಟ್ ಬರುತ್ತಿದ್ದಾರೆ ಅಂದುಕೊಂಡು. ಕ್ರೌಹರ್ಸ್ಟ್ ಅಟ್ಲಾಂಟಿಕ್ ಬಿಟ್ಟು ಹೋಗಿಯೇ ಇರಲಿಲ್ಲ, ಸುಳ್ಳು ಸ್ಥಾನಗಳನ್ನು ವರದಿ ಮಾಡುತ್ತಿದ್ದರು. ಜುಲೈ 10ರಂದು ಅವರ ದೋಣಿ ಖಾಲಿಯಾಗಿ ಸಿಕ್ಕಿತು. ವೇಗದ ಬಹುಮಾನವೂ ನಾಕ್ಸ್-ಜಾನ್‌ಸ್ಟನ್ ಅವರಿಗೇ ಬಂತು, ಯಾಕಂದ್ರೆ ಮುಗಿಸಿದ್ದು ಅವರೊಬ್ಬರೇ. ಆ 5,000 ಪೌಂಡನ್ನು ಅವರು ಕ್ರೌಹರ್ಸ್ಟ್ ಅವರ ಹೆಂಡತಿ ಮಕ್ಕಳಿಗೆ ಕೊಟ್ಟರು.

ಒಬ್ಬರ ಹೆಸರು ಬೇಕಂತಲೇ ಕೊನೆಗೆ ಇಟ್ಟೆ. ಫ್ರಾನ್ಸಿನ ಬರ್ನಾರ್ಡ್ ಮ್ವಾಟೆಸಿಯೇ. ಅವರ 39 ಅಡಿಯ ಉಕ್ಕಿನ ‘ಜೋಶುವಾ’ ಸುಹೈಲಿಗಿಂತ ಎಷ್ಟೋ ವೇಗ. ಎರಡು ತಿಂಗಳು ತಡವಾಗಿ ಹೊರಟು, ಬರೀ 19 ದಿನದ ಹಿಂದೆ ಕೇಪ್ ಹಾರ್ನ್ ದಾಟಿದ್ದರು. ವೇಗದ ಬಹುಮಾನ ಅವರದೇ ಆಗುತ್ತಿತ್ತು ಅಂತ ನನ್ನ ನಂಬಿಕೆ. ಆದರೆ ಅವರು ಪಂದ್ಯ ಬೇಡ ಅಂತ ಯುರೋಪಿಗೆ ಬಾರದೆ ಮತ್ತೆ ಪೂರ್ವಕ್ಕೆ ತಿರುಗಿ ತಾಹಿತಿಗೆ ಹೋದರು. ‘ಜೋಶುವಾ’ ಕೂಡ ಎರಡು ತುದಿ ಚೂಪಾದ ಕೆಚ್. ಅಂದ್ರೆ ಆ ವರ್ಷ ಕೇಪ್ ಹಾರ್ನ್ ದಾಟಿದ ಮೂರು ದೋಣಿಗಳಲ್ಲಿ ಎರಡು ಇದೇ ವಂಶದವು, ಮತ್ತು ಮುಳುಗದೆ ಉಳಿದದ್ದೂ ಆ ಎರಡೇ. ಅಮೆರಿಕದಲ್ಲಿ 1970ರ ದಶಕದಲ್ಲಿ ಫೈಬರ್‌ಗ್ಲಾಸ್‌ನ ‘ವೆಸ್ಟ್‌ಸೇಲ್ 32’ ಜನಪ್ರಿಯವಾಯಿತು. ಅದರ ಬೇರು ಕೂಡ ಆಟ್ಕಿನ್ ಅವರ ನಕ್ಷೆಗಳಲ್ಲೇ ಇದೆ.

ಇನ್ನು ದೋಣಿಯ ಮುಂದಿನ ಬಾಳು. 1989ರಲ್ಲಿ ಕೊಲಂಬಸ್ ಹೋದ ದಾರಿಯಲ್ಲಿ, ಅವನ ಕಾಲದ ಉಪಕರಣ ಹಿಡಿದು, ನಾಕ್ಸ್-ಜಾನ್‌ಸ್ಟನ್ ಇದರಲ್ಲೇ ಅಟ್ಲಾಂಟಿಕ್ ದಾಟಿದರು. ವಾಪಸ್ ಬರುವಾಗ ಬಿರುಗಾಳಿಗೆ ಮಾಸ್ಟ್ ಕಳೆದುಕೊಂಡರು. 1991ರಲ್ಲಿ ಪರ್ವತಾರೋಹಿ ಕ್ರಿಸ್ ಬೊನಿಂಗ್ಟನ್ ಅವರನ್ನು ಕೂರಿಸಿಕೊಂಡು ಗ್ರೀನ್‌ಲ್ಯಾಂಡಿಗೆ ಹೋದರು. ಆಮೇಲೆ ಸುಹೈಲಿ ಗ್ರೀನ್‌ವಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯ ಸೇರಿತು. ಅಲ್ಲಿ ತೊಂದರೆ ಶುರುವಾಯಿತು. ವಸ್ತುಸಂಗ್ರಹಾಲಯದ ಒಣ ಗಾಳಿ ಚಿತ್ರಗಳಿಗೆ, ಬಟ್ಟೆಗಳಿಗೆ ಒಳ್ಳೆಯದು. ದೋಣಿಯ ಹಲಗೆಗೆ ಅಲ್ಲ. ಹಲಗೆ ನೀರು ಕುಡಿದು ಉಬ್ಬಿದ್ದರೇ ಸಂದಿ ಮುಚ್ಚಿರುವುದು. ಒಣಗಿದರೆ ಕುಗ್ಗಿ ಸಂದಿ ಬಿಡುತ್ತದೆ. ಕೇಪ್ ಹಾರ್ನ್ ತಡೆದುಕೊಂಡದ್ದು ಸೂರಿನ ಕೆಳಗೆ ಹಾಳಾಗುತ್ತಿರುವುದನ್ನು ನೋಡಲಾಗದೆ 2002ರಲ್ಲಿ ಅವರು ದೋಣಿಯನ್ನು ಹೊರಗೆ ತಂದರು.

ಆಗ ಆ ಕಬ್ಬಿಣದ ಸರದಿ. ತೇಗ ಎಷ್ಟೇ ಒಳ್ಳೆಯದಾದರೂ ಉಪ್ಪುನೀರಿನಲ್ಲಿ ಅರ್ಧ ಶತಮಾನ ಕಳೆದ ಕಬ್ಬಿಣ ತುಕ್ಕು ಹಿಡಿಯದೆ ಇರುವುದಿಲ್ಲ. ತುಕ್ಕು ಹಿಡಿದ ಬೋಲ್ಟು ಉಬ್ಬುತ್ತದೆ, ಸುತ್ತಲಿನ ಮರ ಮೆತ್ತಗಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಸಾವಿರಕ್ಕೂ ಜಾಸ್ತಿ ಕಬ್ಬಿಣದ ಬಿಗಿತಗಳನ್ನು ಒಂದೊಂದಾಗಿ ತೆಗೆದು ಕಂಚಿನದು ಹಾಕಬೇಕಾಯಿತು. ಎಪ್ಪತ್ತು ದಾಟಿದ ನಾಕ್ಸ್-ಜಾನ್‌ಸ್ಟನ್ ಬಹಳಷ್ಟನ್ನು ತಮ್ಮ ಕೈಯಾರೆ ಮಾಡಿದರು. 2016ರಲ್ಲಿ ಸುಹೈಲಿ ಮತ್ತೆ ನೀರಿಗಿಳಿಯಿತು. 2018ರ ಜೂನ್ 14ರಂದು, ಹೊರಟು ಸರಿಯಾಗಿ 50 ವರ್ಷಕ್ಕೆ, ಅವರು ಅದರಲ್ಲೇ ಫಾಲ್ಮತ್‌ಗೆ ಬಂದಿದ್ದರು.

ಭಾರತದ ದೋಣಿಯೇ? ನಕ್ಷೆ ಅಮೆರಿಕದ್ದು, ಅದರ ಮೂಲ ನಾರ್ವೆಯದು, ಹೆಸರು ಅರಬ್ಬರದು, ಧ್ವಜ ಬ್ರಿಟನ್ನಿನದು. ಬ್ರಿಟನ್ನಿನ ಐತಿಹಾಸಿಕ ಹಡಗುಗಳ ರಾಷ್ಟ್ರೀಯ ಪಟ್ಟಿಯಲ್ಲೂ ಸುಹೈಲಿ ಇದೆ. ಭಾರತದ ದೋಣಿ ಅಂತ ಎದೆ ತಟ್ಟಿಕೊಳ್ಳುವುದು ಸ್ವಲ್ಪ ಜಾಸ್ತಿಯಾಯಿತು. ಆದರೆ ‘ಭಾರತೀಯರು ಕಟ್ಟಿದ ದೋಣಿ’ ಅನ್ನುವುದರಲ್ಲಿ ಎರಡು ಮಾತಿಲ್ಲ. ಆ ಬಡಗಿಗಳ ಹೆಸರು ಲೋಕಕ್ಕೆ ಗೊತ್ತಿಲ್ಲ ಅನ್ನುವುದೇ ನನಗಿರುವ ಕೊರಗು.

ನಂಟು ಅಲ್ಲಿಗೇ ಮುಗಿಯಲಿಲ್ಲ. 2009–10ರಲ್ಲಿ ಒಬ್ಬರೇ ಭೂಮಿ ಸುತ್ತಿದ ಮೊದಲ ಭಾರತೀಯ, ನೌಕಾಪಡೆಯ ದಿಲೀಪ್ ದೋಂಡೆ, ಹೊರಡುವ ಮೊದಲು ಕಲಿಯಲು ಹೋದದ್ದು ನಾಕ್ಸ್-ಜಾನ್‌ಸ್ಟನ್ ಅವರ ಹತ್ತಿರ. ಅವರ ‘ಮಾದೇಯಿ’ ಗೋವಾದಲ್ಲಿ ಕಟ್ಟಿದ ದೋಣಿ. ಅದೇ ದೋಣಿಯಲ್ಲಿ 2012–13ರಲ್ಲಿ ಅಭಿಲಾಷ್ ಟೋಮಿ ಎಲ್ಲೂ ನಿಲ್ಲದೆ ಸುತ್ತಿದರು. ಗೋಲ್ಡನ್ ಗ್ಲೋಬ್ ಪಂದ್ಯ 2018ರಲ್ಲಿ ಮತ್ತೆ ನಡೆದಾಗ, ಹಳೆಯ ಮಾದರಿಯ ದೋಣಿ, ಜಿಪಿಎಸ್ ಇಲ್ಲ ಅನ್ನುವ ನಿಯಮದಡಿ, ಟೋಮಿ ಅವರಿಗಾಗಿ ಗೋವಾದ ಅದೇ ಅಕ್ವೇರಿಯಸ್ ಶಿಪ್‌ಯಾರ್ಡ್ ಸುಹೈಲಿಯ ಪ್ರತಿರೂಪ ಕಟ್ಟಿತು. ಹೆಸರು ‘ತುರಿಯ’. ಆ ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ ಮಾಸ್ಟ್ ಮುರಿಯಿತು, ಟೋಮಿ ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಫ್ರಾನ್ಸಿನ ‘ಒಸಿರಿಸ್’ ಹಡಗು ಮೂರನೇ ದಿನ ಅವರನ್ನು ಕಾಪಾಡಿತು. ದೋಣಿಯನ್ನು ಅಲ್ಲೇ ಬಿಡಬೇಕಾಯಿತು. ಅದೇ ನಕ್ಷೆ, ಅದೇ ಸಾಗರ, ಬೇರೆ ಫಲ. ಹಾಗಾಗಿ ಎರಿಕ್ ಮಾದರಿಗೆ ಯಾವ ಮಂತ್ರಶಕ್ತಿಯೂ ಇಲ್ಲ ಅಂತಲೂ ಹೇಳಿಬಿಡುತ್ತೇನೆ. ಟೋಮಿ ಚೇತರಿಸಿಕೊಂಡು, ಮುಂದಿನ ಸಲ ಬೇರೆ ದೋಣಿಯಲ್ಲಿ ಹೋಗಿ 2023ರಲ್ಲಿ ಎರಡನೆಯವರಾಗಿ ಬಂದರು.

ಕೊನೆಯ ಪ್ರಶ್ನೆ. ಉಳಿದಿದೆ, ಅದೂ ತೇಲುತ್ತಾ! ಪಾರ್ಸಿ ವಾಡಿಯಾ ಮನೆತನದವರು ಮುಂಬೈಯಲ್ಲಿ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೊಮಲಿ’ ಯುದ್ಧನೌಕೆ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟಲ್‌ಪೂಲ್‌ನಲ್ಲಿದೆ. ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಅದೇ ಹಳೆಯದು. ಟಿಕೆಟ್ ಕೊಂಡು ಒಳಗೆ ಹೋಗಬಹುದು. ಆ ಕಡೆ ನಿಮ್ಮವರು ಯಾರಾದರೂ ಇದ್ದರೆ, ಕೆಳಗಿನ ಅಂತಸ್ತಿಗೂ ಇಳಿದು ಬರಲು ಹೇಳಿ. ಬಾಚಿ ಹಿಡಿದವರ ಕೆಲಸ ಚೆನ್ನಾಗಿ ಕಾಣುವುದು ಅಲ್ಲಿ.